ಐಚಿಯಲ್ಲಿ ಊಟ: ಜಪಾನಿಗೆ ಕೆಲಸಕ್ಕೆ ಹೊರಟ ಕನ್ನಡಿಗರಿಗೆ

ಬಿಡದಿಯ ಕಾರು ಕಾರ್ಖಾನೆಯಿಂದ ತರಬೇತಿಗೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಪ್ರಾಜೆಕ್ಟಿಗೆ ಅಂತ ಜಪಾನಿನ ಐಚಿ ಪ್ರಾಂತ್ಯಕ್ಕೆ ಹೋಗುವ ಕನ್ನಡಿಗರು ಇದ್ದೇ ಇರುತ್ತಾರೆ. ಟೊಯೋಟಾ ನಗರ, ನಗೋಯಾ, ಕರಿಯಾ, ಒಕಝಾಕಿ, ಹೀಗೆ ಯಾವುದೋ ಒಂದು ಊರಿನಲ್ಲಿ ಕೆಲವು ತಿಂಗಳೋ ಕೆಲವು ವರ್ಷವೋ ಇರಬೇಕಾಗುತ್ತದೆ. ಹೊರಡುವ ಮುಂಚೆ ಮನೆಯವರೆಲ್ಲರ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕೆ ಏನು ಮಾಡ್ತೀಯಾ?" ಅದಕ್ಕೆ ಉತ್ತರವಾಗಿ ಸೂಟ್‌ಕೇಸಿನಲ್ಲಿ ಅರ್ಧ ಜಾಗವನ್ನು ರವೆ, ಸಾರಿನ ಪುಡಿ, ಗೊಜ್ಜವಲಕ್ಕಿ, ಬಿಸಿನೀರು ಹಾಕಿ ತಿನ್ನುವ ಪೊಟ್ಟಣಗಳು ಹಿಡಿಯುತ್ತವೆ.

ಮೊದಲ ವಾರಕ್ಕೆ ಅದು ಬೇಕು, ತಪ್ಪಲ್ಲ. ಆದರೆ ವರ್ಷವಿಡೀ ಅದರಲ್ಲೇ ಕಾಲ ಕಳೆದು, ಅಲ್ಲಿನ ಊಟದ ರುಚಿಯನ್ನೇ ನೋಡದೆ ವಾಪಸಾಗುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅನ್ನವೇ ಮುಖ್ಯವಾದ, ಸೋಯಾ ಕಾಳು, ಸೊಪ್ಪು, ಗೆಡ್ಡೆ, ಉಪ್ಪಿನಕಾಯಿಗಳ ಸುತ್ತ ಬೆಳೆದ ಅಡುಗೆ ಅದು. ಅದಕ್ಕೆ ಒಗ್ಗಿಕೊಳ್ಳಲು ಆಗದವರು ಹೆಚ್ಚಾಗಿ ತಪ್ಪು ಜಾಗದಿಂದ ಶುರು ಮಾಡಿರುತ್ತಾರೆ: ಇಳಿದ ದಿನವೇ ಹಸಿ ಮೀನಿನ ಸುಶಿ, ಹಂದಿ ಮೂಳೆ ಕುದಿಸಿದ ರಸದ ರಾಮೆನ್ ಶ್ಯಾವಿಗೆ. ಬೆಳಗಿನ ಕಾಫಿಯಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. ಅದಕ್ಕೂ ಮುಂಚೆ ಒಂದು ಕೆಲಸ ಇದೆ.

ಹಂತ 1: ನೀವು ಏನು ತಿನ್ನುತ್ತೀರಿ ಅನ್ನುವುದನ್ನು ಊರು ಬಿಡುವ ಮುಂಚೆಯೇ ತೀರ್ಮಾನಿಸಿ

"ನಾನು ವೆಜಿಟೇರಿಯನ್" ಎಂದರೆ ಅಲ್ಲಿ ಕೆಲಸ ನಡೆಯುವುದಿಲ್ಲ. "ನಿಕು ನಾಶಿ", ಅಂದರೆ ಮಾಂಸ ಬೇಡ ಎಂದರೆ ಮೀನು ಬರಬಹುದು. ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. ಸಲಾಡಿನಲ್ಲಿ ಹ್ಯಾಮ್ ಚೂರುಗಳಿದ್ದರೂ ಕೆಲವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ದಾಶಿ.

ಜಪಾನಿ ಅಡುಗೆಯ ಬುನಾದಿಯೇ ದಾಶಿ ಎಂಬ ತಿಳಿ ರಸ. ಸಾಮಾನ್ಯವಾಗಿ ಅದನ್ನು ಕೊಂಬು ಎಂಬ ಒಣಗಿಸಿದ ಕಡಲಪಾಚಿ ಮತ್ತು ಕತ್ಸುವೊಬುಶಿಯಿಂದ ತೆಗೆಯುತ್ತಾರೆ. ಕತ್ಸುವೊಬುಶಿ ಎಂದರೆ ಬೊನಿಟೋ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿಯಾದ ಮೇಲೆ ತೆಳುವಾಗಿ ಹೆರೆದದ್ದು. ಮಿಸೋ ಎಂಬ ಹುದುಗಿಸಿದ ಸೋಯಾ ಕಾಳಿನ ಮುದ್ದೆಯ ಸಾರು, ಉದೋನ್ ಶ್ಯಾವಿಗೆಯ ರಸ, ತೆಂಪುರಾ ಎಂಬ ಬಜ್ಜಿ ಅದ್ದುವ ರಸ, ಬೇಯಿಸಿದ ಕುಂಬಳಕಾಯಿ, ಪಾಲಕ್ ಸೊಪ್ಪಿನ ಪಲ್ಯ, ಮೊಟ್ಟೆಯ ದೋಸೆ, ಎಲ್ಲದರಲ್ಲೂ ಇದು ಇರುತ್ತದೆ. ತಟ್ಟೆಯಲ್ಲಿ ಬರೀ ತರಕಾರಿ ಕಾಣುತ್ತಿದ್ದರೂ ಮೀನಿನ ರಸ ಒಳಗಿದೆ.

ಹಾಗಾಗಿ ಮೂರರಲ್ಲಿ ನೀವು ಯಾರು ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಮೀನಿನ ತುಂಡು ಬೇಡ, ರಸ ಪರವಾಗಿಲ್ಲ ಅನ್ನುವವರು ಒಂದು ಗುಂಪು. ಇವರಿಗೆ ಜಪಾನಿನಲ್ಲಿ ಮುಕ್ಕಾಲು ಬಾಗಿಲು ತೆರೆದಿರುತ್ತದೆ. ರಸವೂ ಬೇಡ ಅನ್ನುವವರು ಎರಡನೆಯವರು. ಇವರಿಗೆ ದಾರಿ ಕಿರಿದು, ಆದರೆ ಖಂಡಿತ ಇದೆ. ಕೋಳಿ, ಮೀನು ತಿನ್ನುತ್ತೇನೆ, ಹಂದಿ-ದನ ಬೇಡ ಅನ್ನುವವರು ಮೂರನೆಯವರು. ಇವರು ರಾಮೆನ್, ಗ್ಯೋಝಾ ಕಡುಬು ಮತ್ತು ದನ-ಹಂದಿ ಎರಡರ ಕೈಮಾ ಬೆರೆಸಿ ಮಾಡುವ ಹಂಬರ್ಗ್ ಬಗ್ಗೆ ಹುಷಾರಾಗಿರಬೇಕು. ಯಾವ ಗುಂಪೂ ಕಡಿಮೆಯದಲ್ಲ. ತಟ್ಟೆ ಎದುರಿಗೆ ಬಂದ ಮೇಲೆ ಯೋಚಿಸಲು ಕೂರುವುದರಿಂದ ಮಾತ್ರ ನಿಮಗೂ ಬಡಿಸಿದವರಿಗೂ ಮುಜುಗರ.

ತೀರ್ಮಾನಿಸಿದ ಮೇಲೆ, ಬೆಂಗಳೂರಿನಲ್ಲೇ ಜಪಾನಿ ಬಲ್ಲ ಸಹೋದ್ಯೋಗಿಯಿಂದ ಅದನ್ನು ಅವರ ಲಿಪಿಯಲ್ಲಿ ಒಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ. "ಶಾಕಾಹಾರಿ" ಎಂದು ಬರೆಸಬೇಡಿ. ತಿನ್ನದ ವಸ್ತುಗಳ ಹೆಸರನ್ನೇ ಬರೆಸಿ: ದನ, ಹಂದಿ, ಕೋಳಿ, ಮೀನು, ಸೀಗಡಿ, ಮೀನಿನ ದಾಶಿ. ಕೆಳಗೆ ಹಾಲು, ಮೊಟ್ಟೆ ಆಗುತ್ತದೋ ಇಲ್ಲವೋ ಅನ್ನುವುದೂ ಇರಲಿ. ಎರಡು ವಾಕ್ಯ ಬಾಯಿಪಾಠ ಮಾಡಿ. "ನಿಕು ತೊ ಸಕಾನಾ ವ ತಾಬೆರಾರೆಮಾಸೆನ್": ಮಾಂಸ, ಮೀನು ನನಗೆ ತಿನ್ನಲಾಗದು. "ಕತ್ಸುವೊ ದಾಶಿ ವ ಹಾಯಿತ್ತೆ ಇಮಾಸ್ ಕಾ?": ಇದರಲ್ಲಿ ಬೊನಿಟೋ ರಸ ಹಾಕಿದ್ದೀರಾ? ಕೇಳಿದರೆ ಅವರಿಗೆ ಬೇಜಾರಾಗುವುದಿಲ್ಲ. ಗೊತ್ತಿಲ್ಲದಿದ್ದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದು ಹೇಳುತ್ತಾರೆ.

ಹಂತ 2: ಸಾಮಾನು ಕಡಿಮೆ ಮಾಡಿ

ಸಾರಿನ ಪುಡಿ, ಹುಳಿ ಪುಡಿ, ಇಂಗು, ಸ್ವಲ್ಪ ತೊಗರಿಬೇಳೆ, ಉಪ್ಪಿನಕಾಯಿ, ಒಂದು ಪುಟ್ಟ ಕುಕ್ಕರ್ ಸಾಕು. ಮಾಂಸದ ಪದಾರ್ಥ ಒಯ್ಯುವಂತಿಲ್ಲ. ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಅಮ್ಮ ಕಟ್ಟಿಕೊಟ್ಟ ಹಸಿ ಕರಿಬೇವನ್ನು ಮನೆಯಲ್ಲೇ ಬಿಡಿ. ಮುಗಿದುಹೋದರೆ ಗಾಬರಿ ಬೇಡ. ದೊಡ್ಡ ಊರುಗಳಲ್ಲೆಲ್ಲ ಬೇಳೆ-ಮಸಾಲೆ ಅಂಗಡಿಗಳಿವೆ. ಟೋಕಿಯೋದ ನಿಶಿ-ಕಸಾಯ್ ಬಡಾವಣೆಯಲ್ಲಂತೂ ಭಾರತೀಯರದೇ ದೊಡ್ಡ ಬಳಗವಿದೆ, ಅಂಗಡಿಗಳು ಆನ್‌ಲೈನ್‌ನಲ್ಲೂ ಕಳಿಸುತ್ತವೆ.

ಹಂತ 3: ಮೊದಲ ವಾರ, ಬೆಳಗಿನ ಕಾಫಿ ಅಂಗಡಿ

ಐಚಿಗೆ ಹೋದವರ ಭಾಗ್ಯ ಇದು. ಟೋಕಿಯೋದಲ್ಲಿ ಇದು ಇಷ್ಟು ಗಟ್ಟಿಯಾಗಿಲ್ಲ. ಇಲ್ಲಿನ ಹಳೇ ಕಾಫಿ ಅಂಗಡಿಗಳನ್ನು ಕಿಸ್ಸಾತೆನ್ ಎನ್ನುತ್ತಾರೆ. ಬೆಳಗ್ಗೆ ಸುಮಾರು 11ರವರೆಗೆ ಹೋಗಿ ಒಂದು ಕಾಫಿ ಹೇಳಿ "ಮೋನಿಂಗು" ಎಂದರೆ, ಕಾಫಿಯ ಬೆಲೆಯಲ್ಲೇ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ ಬರುತ್ತದೆ. ಕಾಫಿಗೆ ಹೆಚ್ಚೂಕಡಿಮೆ 500 ಯೆನ್. ಇಚಿನೊಮಿಯಾ ಊರಿನ ನೇಯ್ಗೆ ಕಾರ್ಖಾನೆಗಳ ಮಾಲೀಕರು, ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದೆ, ಗಿರಾಕಿಗಳನ್ನು ಕಾಫಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ದಿನಾ ಬರುವ ಇವರಿಗೆ ಅಂಗಡಿಯವರು ಮೊಟ್ಟೆ, ಕಡಲೆಕಾಯಿ ಕೊಡತೊಡಗಿದ್ದೇ ಈ ಪದ್ಧತಿಯ ಶುರು ಎಂದು ಅಲ್ಲಿಯವರು ಹೇಳುತ್ತಾರೆ.

ಕೂತ ತಕ್ಷಣ ಬಿಸಿ ಒದ್ದೆ ಬಟ್ಟೆ ಕೊಡುತ್ತಾರೆ, ಕೈ ಒರೆಸಿಕೊಳ್ಳಲು. ಟೋಸ್ಟಿನ ಮೇಲೆ ಏನು ಬೇಕು ಎಂದಾಗ "ಒಗುರಾ" ಎನ್ನಿ. ಬೆಣ್ಣೆ ಸವರಿದ ಬಿಸಿ ಟೋಸ್ಟಿನ ಮೇಲೆ ಅಝುಕಿ ಎಂಬ ಕೆಂಪು ಕಾಳನ್ನು ಸಕ್ಕರೆ ಹಾಕಿ ಬೇಯಿಸಿ ಅರೆಬರೆ ಮಸೆದದ್ದು. ನಮ್ಮ ಹೋಳಿಗೆಯ ಹೂರಣವನ್ನು ಏಲಕ್ಕಿ, ಬೆಲ್ಲವಿಲ್ಲದೆ ನೆನಪಿಸಿಕೊಳ್ಳಿ, ಹೆಚ್ಚೂಕಡಿಮೆ ಅದೇ. ಮೊದಲ ತುತ್ತಿಗೆ ಬ್ರೆಡ್ಡು ಗರಿಗರಿ, ಬೆಣ್ಣೆಯ ಉಪ್ಪು, ಮೇಲೆ ಕಾಳಿನ ಸಿಹಿ. ಅದನ್ನು ಮೆಚ್ಚದ ಕನ್ನಡಿಗರನ್ನು ನಾನು ಕಂಡಿಲ್ಲ.

ರುಚಿಯಷ್ಟೇ ಮುಖ್ಯವಾದ ಇನ್ನೊಂದು ಲಾಭವೂ ಇದೆ. ಅದೇ ಅಂಗಡಿಗೆ ನಾಲ್ಕಾರು ಸಲ ಹೋದರೆ ಯಜಮಾನಿ ನಿಮ್ಮ ಮುಖ ಗುರುತು ಹಿಡಿಯುತ್ತಾರೆ. ಪಕ್ಕದ ಮೇಜಿನಲ್ಲಿ ಪತ್ರಿಕೆ ಓದುವ ಅಜ್ಜ ಎಲ್ಲಿಂದ ಬಂದಿರಿ ಎಂದು ಕೇಳುತ್ತಾರೆ. ಹತ್ತಿರದಲ್ಲಿ ಒಳ್ಳೆಯ ಊಟದ ಮನೆ ಯಾವುದು, ಎಲ್ಲಿ ಮೀನಿಲ್ಲದ ತಿಂಡಿ ಮಾಡಿಕೊಡುತ್ತಾರೆ ಎಂಬ ಮಾಹಿತಿ ಯಾವ ಆ್ಯಪ್‌ನಲ್ಲೂ ಸಿಗದಷ್ಟು ಚೆನ್ನಾಗಿ ಇಲ್ಲಿ ಸಿಗುತ್ತದೆ.

ಹಂತ 4: ಮಧ್ಯಾಹ್ನ, ಕ್ಯಾಂಟೀನು ಮತ್ತು ತೆಯ್ಶೋಕು

ಕಾರ್ಖಾನೆಯ ಕ್ಯಾಂಟೀನೇ ನಿಮ್ಮ ಮೊದಲ ಪಾಠಶಾಲೆ. ಟ್ರೇ ಹಿಡಿದು ಸಾಲಿನಲ್ಲಿ ನಡೆದರೆ ಪುಟ್ಟ ಪುಟ್ಟ ಬಟ್ಟಲುಗಳು ಸಿಗುತ್ತವೆ. ಬಿಳಿ ಅನ್ನ ತೆಗೆದುಕೊಳ್ಳಿ. ಹಿಯಾಯಕ್ಕೊ, ಅಂದರೆ ತಣ್ಣನೆಯ ತೋಫು ತೆಗೆದುಕೊಳ್ಳಿ; ಮೇಲೆ ಉದುರಿಸಿರುವ ಕಂದು ಸಿಪ್ಪೆಯಂಥದ್ದು ಅದೇ ಕತ್ಸುವೊಬುಶಿ, ಬೇಡವಾದರೆ "ಕತ್ಸುವೊಬುಶಿ ನಾಶಿ ದೆ" ಎನ್ನಿ. ಎಳ್ಳು ಬೆರೆಸಿದ ಪಾಲಕ್, ಮೂಲಂಗಿ ಉಪ್ಪಿನಕಾಯಿ, ಎಲೆಕೋಸು. ಇವಿಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ಆ ಅನ್ನ ಗಿಡ್ಡ ಕಾಳಿನದು, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಸಾರು ಕಲಸಲು ಹೋಗಬೇಡಿ, ಮುದ್ದೆಯಾಗುತ್ತದೆ. ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಒಂದು ತುತ್ತು ಅನ್ನ, ಒಂದು ತುತ್ತು ನೆಂಚಿಕೆ, ನಡುವೆ ಒಂದು ಗುಟುಕು ಸಾರು. ಈ ಸರದಿ ರೂಢಿಯಾದರೆ ಅನ್ನದ ಸಿಹಿ ಗೊತ್ತಾಗುತ್ತದೆ.

ಹೊರಗೆ ತಿನ್ನುವಾಗ ತೆಯ್ಶೋಕು ಎಂಬ ಊಟದ ತಟ್ಟೆ ಹುಡುಕಿ: ಅನ್ನ, ಮಿಸೋ ಸಾರು, ಉಪ್ಪಿನಕಾಯಿ, ಒಂದು ಮುಖ್ಯ ಪದಾರ್ಥ, ಸುಮಾರು 1,000 ಯೆನ್. ಅನೇಕ ಅಂಗಡಿಗಳ ಕಿಟಕಿಯಲ್ಲಿ ಊಟದ ಪ್ಲಾಸ್ಟಿಕ್ ಮಾದರಿ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಸಾಕು. ಕೆಲವು ಕಡೆ ಬಾಗಿಲ ಬಳಿ ಯಂತ್ರ ಇರುತ್ತದೆ. ದುಡ್ಡು ಹಾಕಿ, ಗುಂಡಿ ಒತ್ತಿ, ಚೀಟಿಯನ್ನು ಒಳಗೆ ಕೊಡಬೇಕು. ಮೀನಿನ ರಸ ಬೇಡದವರು ಯಂತ್ರದ ಅಂಗಡಿ ಬಿಟ್ಟು, ಮಾತಾಡಿಸಿ ಕೇಳಬಹುದಾದ ಚಿಕ್ಕ ಅಂಗಡಿಗೆ ಹೋಗುವುದು ಒಳ್ಳೆಯದು, ಅದೂ 12 ಗಂಟೆಯ ನೂಕುನುಗ್ಗಲಿನ ಹೊತ್ತು ಬಿಟ್ಟು. ನೀರು, ಚಹಾ ಪುಕ್ಕಟೆ. ಟಿಪ್ಸ್ ಕೊಡಬೇಡಿ; ಮೇಜಿನ ಮೇಲೆ ಬಿಟ್ಟುಬಂದರೆ ಮರೆತಿರಿ ಎಂದುಕೊಂಡು ಹಿಂದೆ ಓಡಿ ಬರುತ್ತಾರೆ. ಎದ್ದು ಹೊರಡುವಾಗ "ಗೊಚಿಸೋಸಾಮಾ ದೆಶಿತಾ" ಎನ್ನಿ, ಊಟ ಚೆನ್ನಾಗಿತ್ತು ಎಂಬ ಕೃತಜ್ಞತೆ ಅದು.

ಹಂತ 5: ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಸಂಜೆ ಕಳೆಯಿರಿ

ಏನೂ ಕೊಳ್ಳದಿದ್ದರೂ ಪರವಾಗಿಲ್ಲ, ತರಕಾರಿ ವಿಭಾಗದಲ್ಲಿ ನಿಧಾನವಾಗಿ ನಡೆಯಿರಿ. ಸತೊಯ್ಮೊ ಎಂದು ಬರೆದಿರುವುದು ನಮ್ಮ ಕೆಸುವಿನ ಗೆಡ್ಡೆ. ಗೋಯಾ ಹಾಗಲಕಾಯಿ. ದಾಯ್ಕೊನ್ ಮೂಲಂಗಿ. ಕೊನ್ಯಾಕು ಎಂಬ ಬೂದು ಬಣ್ಣದ ಜಿಗುಟು ಗಟ್ಟಿ ಸುವರ್ಣಗಡ್ಡೆಯ ದಾಯಾದಿ ಗೆಡ್ಡೆಯಿಂದ ಮಾಡಿದ್ದು. ಏಪ್ರಿಲ್ ಬಂತೆಂದರೆ ತಕೆನೊಕೊ ರಾಶಿ ಬೀಳುತ್ತದೆ, ಮಲೆನಾಡಿನವರ, ಕೊಡಗಿನವರ ಕಳಲೆ! ನಾವು ಕಳಲೆಯನ್ನು ಹೆಚ್ಚಿ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುತ್ತೇವೆ. ಅವರು ಸಿಪ್ಪೆ ಸಮೇತ ಒಂದು ಹಿಡಿ ಅಕ್ಕಿ ತೌಡು, ಒಂದು ಒಣಮೆಣಸಿನಕಾಯಿ ಹಾಕಿ ಗಂಟೆಗಟ್ಟಲೆ ಬೇಯಿಸಿ ಕಹಿ ತೆಗೆಯುತ್ತಾರೆ. ಅಂಗಡಿಯಲ್ಲೇ ಕಳಲೆಯ ಜೊತೆ ತೌಡಿನ ಪೊಟ್ಟಣ ಇಟ್ಟಿರುತ್ತಾರೆ. ಬೆಂದ ಕಳಲೆಯನ್ನು ಸಣ್ಣಗೆ ಹೆಚ್ಚಿ ಅನ್ನದ ಜೊತೆಯೇ ಬೇಯಿಸಿದ ತಕೆನೊಕೊ ಗೋಹಾನ್ ವಸಂತದ ಊಟ.

ಪೊಟ್ಟಣದ ಆಹಾರ ಕೊಳ್ಳುವಾಗ ಫೋನಿನ ಕ್ಯಾಮೆರಾ ಅನುವಾದ ಬಳಸಿ, ಆದರೆ ಅಲರ್ಜಿ ಪಟ್ಟಿ ನೋಡಿ ನಿಲ್ಲಬೇಡಿ. ಹಾಲು, ಮೊಟ್ಟೆ, ಗೋಧಿ, ಸೀಗಡಿ ಅಲ್ಲಿರುತ್ತವೆ, ಬೊನಿಟೋ ಇರುವುದಿಲ್ಲ. ಪದಾರ್ಥಗಳ ಇಡೀ ಪಟ್ಟಿ ಓದಬೇಕು. ಎಲ್ಲರೂ ಎಡವುವ ಜಾಗ ಜಪಾನಿ ಕರ್ರಿ (curry) ಮಾಡಲು ಸಿಗುವ ಮಸಾಲೆ ಗಟ್ಟಿಗಳು. ಡಬ್ಬದ ಮೇಲೆ ಬರೀ ಆಲೂಗಡ್ಡೆ, ಕ್ಯಾರೆಟ್ ಚಿತ್ರವಿದ್ದರೂ ಬಹುಪಾಲು ದನದ ಅಥವಾ ಹಂದಿಯ ಕೊಬ್ಬಿನಲ್ಲಿ ಮಾಡಿರುತ್ತಾರೆ. ಕೆಲವು ಬ್ರೆಡ್ಡಿನಲ್ಲಿ ಹಂದಿ ಕೊಬ್ಬು, ಕೆಲವು ಮೊಸರಿನಲ್ಲಿ ಪ್ರಾಣಿಯ ಚರ್ಮ-ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಕೊನ್ಬಿನಿ ಎಂಬ ದಿನಬಳಕೆಯ ಪುಟ್ಟ ಅಂಗಡಿಯ ಒನಿಗಿರಿ ಅನ್ನದ ಉಂಡೆಗಳಲ್ಲಿ ಉಮೆಬೋಶಿ ಎಂಬ ಉಪ್ಪು-ಹುಳಿ ಹಣ್ಣಿನದು, ಕೆಂಪು ಕಾಳಿನ ಸೆಕಿಹಾನ್ ಮೊದಲಿಗೆ ಒಳ್ಳೆಯವು, ಪಟ್ಟಿ ಒಮ್ಮೆ ನೋಡಿಕೊಂಡು.

ನಾತ್ತೋ ಬಗ್ಗೆ ಎರಡು ಮಾತು. ಹುದುಗಿಸಿದ ಸೋಯಾ ಕಾಳು. ವಾಸನೆ ಜೋರು, ಕಲಸಿದರೆ ನೂಲು ನೂಲಾಗಿ ಎಳೆಯುತ್ತದೆ. ಮೂರು ಪುಟ್ಟ ಡಬ್ಬಿಯ ಕಟ್ಟು ಅಗ್ಗಕ್ಕೆ ಸಿಗುತ್ತದೆ, ಪ್ರೋಟೀನಿಗೆ ಇದಕ್ಕಿಂತ ಸುಲಭ ದಾರಿಯಿಲ್ಲ. ಒಳಗಿರುವ ಸಾಸಿನ ಪೊಟ್ಟಣದಲ್ಲಿ ಮೀನಿನ ಸಾರ ಇರುತ್ತದೆ, ಅದನ್ನು ಪಕ್ಕಕ್ಕಿಟ್ಟು ಸೋಯಾ ಸಾಸ್, ಸಾಸಿವೆ ಹಾಕಿ. ಚೆನ್ನಾಗಿ ಕಲಸಿ ಹಬೆಯಾಡುವ ಅನ್ನದ ಮೇಲೆ ಸುರಿಯಿರಿ, ಈರುಳ್ಳಿ ಎಲೆ ಸಣ್ಣಗೆ ಹೆಚ್ಚಿ ಉದುರಿಸಿ. ಮೊದಲ ಸಲ ಹಿಡಿಸದಿದ್ದರೆ ಒಂದು ವಾರ ಬಿಟ್ಟು ಮತ್ತೆ ತಿನ್ನಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ನಾತ್ತೋ ಮುಟ್ಟಲೇಬಾರದು. ಅದರಲ್ಲಿರುವ ವಿಟಮಿನ್ ಕೆ ಆ ಔಷಧಿಯ ಕೆಲಸ ಕೆಡಿಸುತ್ತದೆ. ನಿಮ್ಮನ್ನು ನೋಡಲು ಅಪ್ಪ-ಅಮ್ಮ ಬಂದರೆ ಇದು ನೆನಪಿರಲಿ. ಹಾಗೆಯೇ ಅಂಟಕ್ಕಿ ಕುಟ್ಟಿ ಮಾಡಿದ ಅಂಟಂಟಾದ ಮೋಚಿಯನ್ನು ಹಿರಿಯರಿಗೆ, ಮಕ್ಕಳಿಗೆ ಸಣ್ಣ ಚೂರು ಮಾಡಿಯೇ ಕೊಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಹಂತ 6: ಆ ಊರಿನದೇ ರುಚಿ

ಇಷ್ಟಾದ ಮೇಲೆ ಐಚಿಯದೇ ಊಟಕ್ಕೆ ಬನ್ನಿ. ಇಡೀ ಜಪಾನಿನಲ್ಲಿ ಮಿಸೋವನ್ನು ಸಾಮಾನ್ಯವಾಗಿ ಬೂಷ್ಟು ಬೆಳೆಸಿದ ಅಕ್ಕಿ ಬೆರೆಸಿ ಮಾಡಿದರೆ, ಇಲ್ಲಿ ಬರೀ ಸೋಯಾ ಕಾಳು, ಉಪ್ಪು. ಒಕಝಾಕಿ ಕೋಟೆಯ ಹತ್ತಿರ ಹಾಚ್ಚೊ ಮಿಸೋ ಮಾಡುವ ಎರಡು ಹಳೇ ಮನೆತನದ ಕಾರ್ಖಾನೆಗಳಿವೆ. ಆಳೆತ್ತರ ಮೀರಿದ ಮರದ ಪೀಪಾಯಿಗಳಲ್ಲಿ ಮಿಸೋ ತುಂಬಿ, ಮೇಲೆ ನದಿಯ ದುಂಡು ಕಲ್ಲುಗಳನ್ನು ಗೋಪುರದಂತೆ ಪೇರಿಸಿ, ಎರಡು ವರ್ಷಕ್ಕೂ ಮೇಲೆ ಬಿಡುತ್ತಾರೆ. ಗಾರೆಯಿಲ್ಲ, ಕಟ್ಟಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಷ್ಟೆ. ಒಳಗೆ ಹೋಗಿ ನೋಡಲು ಬಿಡುತ್ತಾರೆ, ತಪ್ಪಿಸಬೇಡಿ. ಬಣ್ಣ ಕಪ್ಪಿಗೆ ಹತ್ತಿರದ ಕಂದು, ರುಚಿ ಒಗರು-ಹುಳಿ-ಉಪ್ಪು.

ಸಸ್ಯಾಹಾರಿಗಳು ಇದನ್ನು ರುಚಿ ನೋಡಬೇಕಾದ್ದು ತೊಯೊಹಾಶಿ ಊರಿನ ನಾಮೆಶಿ ದೆಂಗಾಕು ಊಟದಲ್ಲಿ. ಮೂಲಂಗಿ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೆರೆಸಿದ ಅನ್ನ. ಜೊತೆಗೆ ಬಿದಿರು ಕಡ್ಡಿಗೆ ಚುಚ್ಚಿ ಸುಟ್ಟು ಮಿಸೋ ಸವರಿದ ತೋಫು. ಎದೋ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ತೊಕಾಯ್ದೊ ಹೆದ್ದಾರಿಯಲ್ಲಿ ನಡೆದುಹೋಗುವವರಿಗೆ ಬಡಿಸುತ್ತಿದ್ದ ಊಟ ಇದು. ಮಿಸೋದಲ್ಲಿ, ಜೊತೆಗಿನ ಸಾರಿನಲ್ಲಿ ದಾಶಿ ಇದೆಯೇ ಎಂದು ಕೇಳಿಕೊಳ್ಳಿ. ನವೆಂಬರಿನಲ್ಲಿ ಮೇಪಲ್ ಎಲೆ ಕೆಂಪಾಗುವಾಗ ಟೊಯೋಟಾ ನಗರದ ಅಸುಕೆ ಕಡೆ ಹೋದರೆ ಗೊಹೆಯ್‌ಮೋಚಿ ಸಿಗುತ್ತದೆ: ಅರ್ಧ ಕುಟ್ಟಿದ ಅನ್ನವನ್ನು ಚಪ್ಪಟೆ ಕಡ್ಡಿಗೆ ಮೆತ್ತಿ, ಆಕ್ರೋಟು-ಮಿಸೋ ಹಚ್ಚಿ ಕೆಂಡದ ಮೇಲೆ ಸುಟ್ಟದ್ದು. ಸಿಹಿಗೆ ಉಯ್‌ರೋ, ಅಕ್ಕಿ ಹಿಟ್ಟು-ಸಕ್ಕರೆ ಕಲಸಿ ಹಬೆಯಲ್ಲಿ ಬೇಯಿಸಿದ್ದು.

ಮೀನಿನ ರಸ ಆಗುವವರು ಚಳಿಗಾಲದಲ್ಲಿ ಮಿಸೊ ನಿಕೊಮಿ ಉದೋನ್ ತಿನ್ನಲೇಬೇಕು. ಕೋಳಿ ಬೇಡವಾದರೆ ಹೇಳುವಾಗಲೇ ಹೇಳಿ. ಮಣ್ಣಿನ ಗಡಿಗೆ ಕೊತಕೊತ ಕುದಿಯುತ್ತಲೇ ಮೇಜಿಗೆ ಬರುತ್ತದೆ. ಮುಚ್ಚಳಕ್ಕೆ ತೂತು ಇರುವುದಿಲ್ಲ, ಯಾಕೆಂದರೆ ಅದೇ ನಿಮ್ಮ ತಟ್ಟೆ. ತಿರುಗಿಸಿ ಹಿಡಿದು, ಅದರಲ್ಲಿ ಶ್ಯಾವಿಗೆ ಹಾಕಿಕೊಂಡು ಆರಿಸಿ ತಿನ್ನುವುದು. ಶ್ಯಾವಿಗೆ ಗಟ್ಟಿಯಾಗಿರುತ್ತದೆ, ಬೆಂದಿಲ್ಲ ಎಂದು ವಾಪಸು ಕಳಿಸಬೇಡಿ, ಅದು ಇರಬೇಕಾದ್ದೇ ಹಾಗೆ. ಸೊರ್ರೆಂದು ಸದ್ದು ಮಾಡಿ ತಿಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೀನು, ಕೋಳಿ ತಿನ್ನುವವರಿಗೆ ಸುಟ್ಟ ಹಾವುಮೀನನ್ನು ಅನ್ನದ ಮೇಲೆ ಹರಡಿದ ಹಿತ್ಸುಮಬುಶಿ ಇದೆ. ದುಬಾರಿ, ಆದರೆ ಸಂಬಳದ ವಾರ ಒಮ್ಮೆ ತಿನ್ನಬೇಕಾದದ್ದು. ಬಟ್ಟಲನ್ನು ನಾಲ್ಕು ಪಾಲು ಮಾಡಿ ಮೊದಲದ್ದನ್ನು ಹಾಗೇ, ಎರಡನೆಯದನ್ನು ವಸಾಬಿ-ಈರುಳ್ಳಿಯೊಂದಿಗೆ, ಮೂರನೆಯದನ್ನು ಬಿಸಿ ರಸ ಹುಯ್ದುಕೊಂಡು, ಕೊನೆಯದನ್ನು ಇಷ್ಟವಾದ ರೀತಿಯಲ್ಲಿ. ತೆಬಸಾಕಿ ಎಂಬ ಮೆಣಸು ಹಾಕಿದ ಕೋಳಿ ರೆಕ್ಕೆಯೂ ನಗೋಯಾದ್ದೇ. ಮಿಸೊಕತ್ಸು ಮಾತ್ರ ಹಂದಿಯದು. ಹಸಿ ಕೋಳಿ ಮಾಂಸ ಕೆಲವು ಕಡೆ ಬಡಿಸುತ್ತಾರೆ, ಯಾರು ಎಷ್ಟು ಹೇಳಿದರೂ ಬೇಡ ಎನ್ನಿ.

ರಸವೂ ಬೇಡ ಅನ್ನುವವರಿಗೆ ಉದ್ದದ ರಜೆಯಲ್ಲಿ ಒಂದು ಪ್ರಯಾಣ: ವಕಯಾಮಾ ಪ್ರಾಂತ್ಯದ ಕೋಯಾಸಾನ್. 816ರಲ್ಲಿ ಬೌದ್ಧ ಗುರು ಕೂಕಾಯ್ ನೆಲೆಯೂರಿಸಿದ ಬೆಟ್ಟದೂರು. ಐವತ್ತರಷ್ಟು ದೇವಾಲಯಗಳಲ್ಲಿ ರಾತ್ರಿ ಉಳಿಯಬಹುದು. ಅಲ್ಲಿನ ಶೋಜಿನ್ ಊಟದಲ್ಲಿ ಮಾಂಸ, ಮೀನು ಇಲ್ಲ. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮಠದ ಊಟ ಉಂಡು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾಶಿ ಕೊಂಬು ಮತ್ತು ಒಣ ಅಣಬೆಯದು. ಎಳ್ಳು ರುಬ್ಬಿ ಕಾಯಿಸಿದ ಗೊಮಾದೋಫು ಬಾಯಲ್ಲಿಟ್ಟರೆ ಕರಗುತ್ತದೆ. ಜಪಾನಿನಲ್ಲಿ 675ರಲ್ಲೇ ತೆನ್ಮು ಚಕ್ರವರ್ತಿ ದನ, ಕುದುರೆ, ಕೋಳಿ ಮುಂತಾದವನ್ನು ತಿನ್ನಬಾರದೆಂದು ಆಜ್ಞೆ ಹೊರಡಿಸಿದ್ದ. ಮೇಯ್ಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಜನಕ್ಕೆ ತಿಳಿದದ್ದು 1872ರಲ್ಲಿ. ತೋಫುವಿನಲ್ಲಿ ಇಷ್ಟೊಂದು ಬಗೆ ಬೆಳೆದದ್ದು ಆ ನಡುವಿನ ಶತಮಾನಗಳಲ್ಲಿ.

ಹಂತ 7: ಸಹೋದ್ಯೋಗಿಗಳು ಕರೆದಾಗ

ಹೋಗಿ. ಇಝಕಾಯಾ ಎಂಬ ಪಾನಗೃಹಕ್ಕೆ ಕರೆಯುತ್ತಾರೆ; ಕುಡಿಯದವರು ಊಲಾಂಗ್ ಚಹಾ ಹೇಳಿದರೆ ಯಾರೂ ಒತ್ತಾಯಿಸುವುದಿಲ್ಲ. ಕೇಳದೆಯೇ ಒಂದು ಪುಟ್ಟ ಬಟ್ಟಲು ಬರುತ್ತದೆ, ಅದಕ್ಕೆ ಬಿಲ್ಲಿನಲ್ಲಿ ಕೆಲವು ನೂರು ಯೆನ್ ಸೇರಿರುತ್ತದೆ, ಅದು ಪದ್ಧತಿ. ನಿಮ್ಮ ಊಟದ ನಿಯಮವನ್ನು ವ್ಯವಸ್ಥೆ ಮಾಡುವವರಿಗೆ ಎರಡು ಮೂರು ದಿನ ಮುಂಚೆಯೇ ತಿಳಿಸಿ. ಮುಂಚೆ ಹೇಳಿದರೆ ಅಡುಗೆಯವರ ಜೊತೆ ಮಾತಾಡಿ ಎಷ್ಟು ಬೇಕಾದರೂ ಶ್ರಮ ಪಡುತ್ತಾರೆ, ಕೂತ ಮೇಲೆ ಹೇಳಿದರೆ ಅವರಿಗೆ ಏನೂ ಮಾಡಲಾಗದೆ ಸಂಕಟವಾಗುತ್ತದೆ. ಎದಮಾಮೆ ಎಂಬ ಬೇಯಿಸಿದ ಹಸಿ ಸೋಯಾ ಕಾಯಿ, ಸುಟ್ಟ ಬದನೆ, ಉಪ್ಪು ಹಾಕಿ ತಿನ್ನುವ ತರಕಾರಿ ತೆಂಪುರಾ ಸಿಗುತ್ತವೆ. ತೆಂಪುರಾ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ಅದೇ ಎಣ್ಣೆಯಲ್ಲಿ ಸೀಗಡಿಯೂ ಕರಿದಿರುತ್ತಾರೆ.

ಚಾಪ್‌ಸ್ಟಿಕ್ ಹಿಡಿಯಲು ತಡವರಿಸಿದರೆ ಯಾರಿಗೂ ಏನೂ ಅನಿಸದು. ಎರಡು ಮಾತ್ರ ಮಾಡಬಾರದು: ಅನ್ನದಲ್ಲಿ ನೆಟ್ಟಗೆ ಚುಚ್ಚಿಡುವುದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸುವುದು. ಮೊದಲನೆಯದು ಸತ್ತವರ ಮುಂದೆ ಇಡುವ ಅನ್ನದ ರೀತಿ, ಎರಡನೆಯದು ದಹನದ ನಂತರ ಅಸ್ಥಿ ಆಯುವ ರೀತಿ.

ಹಂತ 8: ನಿಮ್ಮ ಒಲೆಯ ಮೇಲೆ

ಕೊನೆಗೆ ಅಲ್ಲಿನ ಸಾರನ್ನು ನೀವೇ ಮಾಡಿ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ನಾಲ್ಕು ಒಣ ಶಿಯಿತಾಕೆ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಟೋಕಿಯೋ ವಿಶ್ವವಿದ್ಯಾಲಯದ ಇಕೆದಾ ಕಿಕುನಾಯೆ 1908ರಲ್ಲಿ ಉಮಾಮಿ ರುಚಿಯ ಮೂಲ ಗ್ಲುಟಮೇಟ್ ಎಂದು ಪತ್ತೆ ಮಾಡಿದ್ದು ಇದೇ ಕೊಂಬುವಿನಿಂದ, ಆದ್ದರಿಂದ ಮೀನಿಲ್ಲದಿದ್ದರೆ ರುಚಿ ಬಾರದು ಎಂಬ ಅನುಮಾನ ಬೇಡ. ಬೆಳಗ್ಗೆ ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುಂಚೆ ಕೊಂಬು, ಅಣಬೆ ಎರಡನ್ನೂ ತೆಗೆದಿಡಿ. ಕೊಂಬುವನ್ನು ಕುದಿಸಿದರೆ ಲೋಳೆ, ಕಹಿ ಬಿಡುತ್ತದೆ. ಮೂಲಂಗಿ, ತೋಫು ಹಾಕಿ ಬೇಯಿಸಿ, ಒಲೆ ಆರಿಸಿ, ಒಂದು ಬಟ್ಟಲಿಗೆ ಒಂದು ಚಮಚದಂತೆ ಮಿಸೋವನ್ನು ಸೌಟಿನಲ್ಲಿ ಕದಡಿ ಬಿಡಿ. ಮಿಸೋ ಕೊಳ್ಳುವಾಗ "ದಾಶಿ ಇರಿ" ಎಂದು ಇರುವುದನ್ನು ಬಿಡಿ, ಅದರಲ್ಲಿ ಸಾಮಾನ್ಯವಾಗಿ ಮೀನಿನ ರಸ ಮೊದಲೇ ಸೇರಿರುತ್ತದೆ. ಬೇರೆ ಮಿಸೋಗಳನ್ನು ಹಾಕಿದ ಮೇಲೆ ಕುದಿಸಬಾರದು, ಪರಿಮಳ ಹೋಗುತ್ತದೆ. ಐಚಿಯ ಕಪ್ಪು ಮಿಸೋ ಮಾತ್ರ ಕುದಿಸಿದರೂ ತಡೆದುಕೊಳ್ಳುತ್ತದೆ.

ತೆಗೆದಿಟ್ಟ ಕೊಂಬು, ಅಣಬೆ ಎಸೆಯಬೇಡಿ. ಸಣ್ಣಗೆ ಹೆಚ್ಚಿ ಸೋಯಾ ಸಾಸ್, ಸಕ್ಕರೆ, ನಾಲ್ಕು ಹನಿ ವಿನೆಗರ್ ಹಾಕಿ ನೀರು ಬತ್ತುವವರೆಗೆ ಬೇಯಿಸಿ, ಎಳ್ಳು ಉದುರಿಸಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಕೆಡದೆ ಇರುತ್ತದೆ, ಬಿಸಿ ಅನ್ನಕ್ಕೂ ನೆಂಚಿಕೊಳ್ಳಬಹುದು, ಮೊಸರನ್ನಕ್ಕೂ.